ಅತ್ತಿಗೆ ಕೆಲಸ ಹುಡುಕಲು ಹೋದ ಮಂಗಳವಾರ

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವಳಿಗೆ ಅಲ್ಲಿ ಕೆಲಸ ಕೊಡಿಸಿದ್ದು ನಾದಿನಿ. ನಾದಿನಿ ಕರೆದದ್ದನ್ನು ಕೇಳಿ ಪಕ್ಕದವಳು ಕರೆದಳು, ಅವಳು ಕರೆದದ್ದನ್ನು ಕೇಳಿ ಮಷಿನ್ ನೋಡಿಕೊಳ್ಳುವವನು ಕರೆದ, ಕೊನೆಗೆ ಇವಳಿಗಿಂತ ಎಷ್ಟೋ ದೊಡ್ಡವನಾದ ವ್ಯಾನ್ ಡ್ರೈವರ್ ಕೂಡ ಅತ್ತಿಗೆ ಅನ್ನತೊಡಗಿದ. ನಾದಿನಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಹೆಸರು ಮಾತ್ರ ಇಲ್ಲೇ ಉಳಿಯಿತು. ಹೊಸದಾಗಿ ಸೇರಿದವರು ಇವಳು ಯಾರಿಗೆ ಅತ್ತಿಗೆ ಎಂದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎಲ್ಲರಿಗೂ ಅತ್ತಿಗೆ, ಅಷ್ಟೆ.

ನಗರದ ಆಸ್ಪತ್ರೆಗಳ ಬಟ್ಟೆಯೆಲ್ಲ ಒಗೆಯಲು ಅಲ್ಲಿಗೇ ಬರುತ್ತಿತ್ತು. ಒಂದು ಕಡೆ ಕೋಣೆಯಷ್ಟು ದೊಡ್ಡ ಒಗೆಯುವ ಮಷಿನ್‌ಗಳು, ಆಮೇಲೆ ಒಣಗಿಸುವ ಮಷಿನ್‌ಗಳು, ಆಮೇಲೆ ಬಟ್ಟೆಯನ್ನು ನುಂಗಿ ಇಸ್ತ್ರಿ ಮಾಡಿ ಆಚೆಗೆ ಉಗುಳುವ ಬಿಸಿ ರೋಲರ್, ಕೊನೆಗೆ ಮಡಚುವ ಉದ್ದ ಮೇಜು. ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಆಚೆ ಒಬ್ಬರು, ಈಚೆ ಒಬ್ಬರು, ಮೂಲೆ ಹಿಡಿದು ಒಮ್ಮೆ ಜಾಡಿಸಿ, ನಡೆದು ಬಂದು ಅಂಚಿಗೆ ಅಂಚು ಕೂಡಿಸಿ, ಮತ್ತೆ ಹಿಂದಕ್ಕೆ. ಕೈಕಾಲಿಗೆ ಪುರುಸೊತ್ತಿಲ್ಲ, ಬಾಯಿಗೆ ಮಾತ್ರ ಬೇಕಾದಷ್ಟು ಪುರುಸೊತ್ತು. ಅತ್ತಿಗೆ ಆ ಪುರುಸೊತ್ತನ್ನು ಒಂದು ಚೂರೂ ವ್ಯರ್ಥ ಮಾಡುತ್ತಿರಲಿಲ್ಲ. ಅತ್ತೆಯ ಮೊಣಕಾಲು, ಪೇಂಟರ್ ಗಂಡನ ಮೌನ, ಮೇಲಿನ ಮನೆಯ ಗಂಡಹೆಂಡಿರ ಜಗಳ, ಎಲ್ಲವೂ ಆ ಮೇಜಿನ ಮೇಲೆ ಬೆಡ್‌ಶೀಟಿನ ಜೊತೆ ಹರಡಿಕೊಳ್ಳುತ್ತಿತ್ತು.

ಅದಕ್ಕೆ ಅಡ್ಡಿ ಎಂದರೆ ಸೂಪರ್‌ವೈಸರ್. ಮಷಿನ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ಅವರು ಕೊರಳಿಗೊಂದು ಸೀಟಿ ಹಾಕಿಕೊಂಡಿದ್ದರು. ಬಟ್ಟೆ ತಡವಾದರೆ ಒಂದು ಸೀಟಿ, ಮಾತು ಜಾಸ್ತಿಯಾದರೆ ಎರಡು. ಅವರಿಗೆ ಕುಕ್ಕರ್ ಎಂದು ಹೆಸರಿಟ್ಟವಳು ಅತ್ತಿಗೆಯೇ. ಬೆನ್ನ ಹಿಂದೆ ಎಲ್ಲರಿಗೂ ಅವರು ಕುಕ್ಕರ್, ಎದುರಿಗೆ ಎಲ್ಲರಿಗೂ ಸಾರ್.

ಒಂದು ದಿನ ಅತ್ತಿಗೆ ಮೇಲಿನ ಮನೆಯ ನಾಯಿಯ ಕಥೆ ಹೇಳುತ್ತಿದ್ದಳು. ಒಳ್ಳೆ ಘಟ್ಟಕ್ಕೆ ಬಂದಿತ್ತು. ಅಷ್ಟರಲ್ಲಿ ಎರಡು ಸೀಟಿ. ತಲೆಯೆತ್ತಿ ನೋಡಿದರೆ ಸೂಪರ್‌ವೈಸರ್ ಮೇಜಿನ ಎದುರಿನ ಗೋಡೆಗೆ ಒಂದು ಬೋರ್ಡು ಹೊಡೆಯುತ್ತಿದ್ದರು: ಕೆಲಸದ ವೇಳೆಯಲ್ಲಿ ಮಾತನಾಡಬಾರದು. ಯಾರ ಹೆಸರೂ ಬರೆದಿರಲಿಲ್ಲ. ಆದರೆ ಮೇಜಿನ ಸುತ್ತ ಇದ್ದವರೆಲ್ಲ ಬೋರ್ಡನ್ನು ಓದಿ ಅತ್ತಿಗೆಯ ಮುಖ ನೋಡಿದರು.

ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ಅತ್ತೆ, ನಾನು ಇನ್ನು ಆ ಲಾಂಡ್ರಿಗೆ ಹೋಗಲ್ಲ. ಮಂಗಳವಾರ ನನ್ನ ವಾರದ ರಜೆ, ಬೇರೆ ಕೆಲಸ ನೋಡ್ತೀನಿ."

"ನೋಡು, ಅದಕ್ಕೇನು. ನಾನೂ ಬರ್ತೀನಿ," ಎಂದರು ಅತ್ತೆ.

"ಕೆಲಸ ಹುಡುಕೋಕೆ ಅತ್ತೇನ ಕರ್ಕೊಂಡು ಹೋಗೋರು ಯಾರಾದ್ರೂ ಇದ್ದಾರಾ?"

"ನೀನು ಒಬ್ಬಳೇ ಹೋದ್ರೆ ಯಾವನೋ ನಾಲ್ಕು ಒಳ್ಳೆ ಮಾತಾಡಿದ ಅಂತ ಒಪ್ಕೊಂಡು ಬಂದುಬಿಡ್ತೀಯ. ಜೊತೆಗೆ ಒಬ್ಬರು ಬೇಕು."

ಅತ್ತಿಗೆ ಗಂಡನ ಕಡೆ ನೋಡಿದಳು. ಅವನು ಉಗುರಿನ ಸಂದಿಯ ಬಣ್ಣ ತೆಗೆಯುತ್ತಾ "ಹ್ಞೂಂ" ಎಂದ. ಯಾರಿಗೆ ಹ್ಞೂಂ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಇಬ್ಬರೂ ತಮಗೇ ಎಂದುಕೊಂಡರು.

ಮಂಗಳವಾರ ಅತ್ತೆ ಸೊಸೆ ಇಬ್ಬರೂ ಒಳ್ಳೆ ಬಟ್ಟೆ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು, ಬಸ್ಸು ಹತ್ತಿ ನಗರದ ನಡುಭಾಗಕ್ಕೆ ಹೋದರು. ಅಲ್ಲಿನ ಜನ ಓಡುವ ಹಾಗೆ ನಡೆಯುತ್ತಿದ್ದರು. ಅತ್ತೆ ಮೊಣಕಾಲು ನೋವಿನಿಂದ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲುತ್ತಾ ಫುಟ್‌ಪಾತಿನ ಮಧ್ಯದಲ್ಲೇ ನಡೆದರು. ಹಿಂದಿನವರೆಲ್ಲ ಅವರ ಎಡಕ್ಕೂ ಬಲಕ್ಕೂ ಇಣುಕಿ, ದಾರಿ ಸಿಗದೆ, ಕೊನೆಗೆ ರಸ್ತೆಗಿಳಿದು ಮುಂದೆ ಹೋಗುತ್ತಿದ್ದರು.

ಮೊದಲು ಸಿಕ್ಕಿದ್ದು ಒಂದು ಬೇಕರಿ. ಕೇಕಿನ ಪೆಟ್ಟಿಗೆ ಮಡಚಿ ಜೋಡಿಸಲು ಜನ ಬೇಕಾಗಿತ್ತು. ಮಡಚುವುದು ಎಂದರೆ ಅತ್ತಿಗೆಗೆ ನೀರು ಕುಡಿದ ಹಾಗೆ. ಬೇಕರಿಯವರು ಒಂದು ಪೆಟ್ಟಿಗೆ ಮಡಚಿಸಿ ನೋಡಿ ತಲೆದೂಗಿದರು.

"ಆದ್ರೆ ಬೆಳಗ್ಗೆ ಬೇಗ ಬರಬೇಕಮ್ಮ. ಇನ್ನೂ ಕತ್ತಲೆ ಇರುವಾಗಲೇ."

ಅತ್ತಿಗೆ ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು, "ಇವಳನ್ನ ಎಬ್ಬಿಸೋರು ಯಾರು?"

"ಅಂದ್ರೆ?"

"ಅಲಾರಂ ಹೊಡ್ಕೊಂಡ್ರೆ ಅದರ ತಲೆ ಮೇಲೆ ದಿಂಬು ಹಾಕಿ ಮಲಗ್ತಾಳೆ. ನಾನೇ ಎಬ್ಬಿಸಬೇಕು. ಈ ಕೆಲಸ ಅವಳಿಗಲ್ಲ ಸ್ವಾಮಿ, ನನಗೆ. ಬೇಡ ಬಿಡಿ."

ಹೊರಗೆ ಬಂದ ಮೇಲೆ ಅತ್ತಿಗೆ ಮುಖ ಊದಿಸಿಕೊಂಡು ಮುಂದೆ ಮುಂದೆ ನಡೆದಳು. ಬೇಕರಿಯವರು ರುಚಿ ನೋಡಲು ಕೊಟ್ಟ ಬಿಸ್ಕತ್ತಿನಲ್ಲಿ ಅರ್ಧವನ್ನು ಅತ್ತೆ ಅವಳ ಕೈಗಿಟ್ಟರು. ಅದನ್ನು ತಿಂದ ಮೇಲೆ ಮುನಿಸು ಇಳಿಯಿತು.

ಎರಡನೆಯದು ಆಟಿಕೆ ಅಂಗಡಿ. ಬಾಗಿಲಲ್ಲಿ "ಕೆಲಸಕ್ಕೆ ಬೇಕಾಗಿದ್ದಾರೆ" ಎಂದು ಚೀಟಿ ಅಂಟಿಸಿದ್ದರು. ಒಳಗಿನ ಕೆಲಸ ಇರಬಹುದು, ಗೊಂಬೆ ಮಾರುವುದು, ದೂಳು ಒರೆಸುವುದು ಎಂದುಕೊಂಡಳು ಅತ್ತಿಗೆ. ಅಂಗಡಿಯವನು ಅವಳನ್ನು ಮೇಲಿಂದ ಕೆಳಕ್ಕೆ ನೋಡಿ, "ಎತ್ತರ ಸರಿಯಾಗಿದೆ," ಎಂದು ಗೋದಾಮಿನಿಂದ ಒಂದು ಕರಡಿಯನ್ನು ಹೊತ್ತು ತಂದ. ಕಂದು ಬಣ್ಣದ, ಹೊಟ್ಟೆ ಉಬ್ಬಿದ, ಹಳೇ ಕಂಬಳಿಯ ವಾಸನೆ ಬರುವ ಕರಡಿವೇಷ. ಅದನ್ನು ತೊಟ್ಟು ಬಾಗಿಲಲ್ಲಿ ನಿಂತು ಬರುವ ಮಕ್ಕಳಿಗೆ ಕೈ ಬೀಸಬೇಕು. ಅಷ್ಟೇ ಕೆಲಸ.

"ಮಾತಾಡೋ ಹಾಗಿಲ್ಲ," ಎಂದ ಅಂಗಡಿಯವನು. "ಕರಡಿ ಮಾತಾಡಲ್ಲ."

ಇಲ್ಲೂ ಅದೇ ಕರ್ಮ ಎಂದುಕೊಂಡು ಅತ್ತಿಗೆ ಕರಡಿಯ ಒಳಗೆ ಹೊಕ್ಕಳು. ಹೊರಗಿನದು ಕಾಣುವುದು ಕರಡಿಯ ಬಾಯಿಯ ಸಂದಿಯಿಂದ. ಮೊದಲು ಬಂದ ಮಗು ನಕ್ಕಿತು. ಅವಳೂ ಕೈ ಬೀಸಿದಳು. ಎಲ್ಲ ಚೆನ್ನಾಗಿತ್ತು. ಆಮೇಲೆ ಬಂದ ಹುಡುಗನ ಶೂ ಲೇಸು ಬಿಚ್ಚಿಕೊಂಡಿತ್ತು. ಅತ್ತಿಗೆ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಬಗ್ಗಿ, "ಮರಿ, ಲೇಸ್ ಕಟ್ಟಿಕೋ, ಮುಗ್ಗರಿಸ್ತೀಯ," ಎಂದಳು. ಕರಡಿಯ ಹೊಟ್ಟೆಯೊಳಗಿಂದ ಬಂದ ಆ ದನಿಗೆ ಹುಡುಗ ಅಮ್ಮನನ್ನು ತಬ್ಬಿಕೊಂಡು ಅಳತೊಡಗಿದ. ಅವನಮ್ಮನಿಗೆ ಸಮಾಧಾನ ಹೇಳಲು ಹೋಗಿ ಕರಡಿ, "ಹೆದರಿಸೋಕೆ ಹೇಳಿದ್ದಲ್ಲಮ್ಮ, ನನಗೂ ಮಕ್ಕಳಂದ್ರೆ ಇಷ್ಟ," ಎಂದಿತು.

ಅಂಗಡಿಯವನು ಓಡಿ ಬಂದ. "ಅಕ್ಕಾ, ಕರಡಿ ಬುದ್ಧಿ ಹೇಳಲ್ಲ."

ಅತ್ತಿಗೆ ಬೆವರು ಒರೆಸುತ್ತಾ ಹೊರಬಂದಳು. ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಎದ್ದು, "ಕೊಡು ಇಲ್ಲಿ," ಎಂದರು.

"ಅತ್ತೆ, ನಿಮಗೆ ಯಾಕೆ ಇದೆಲ್ಲ?"

"ಹೇಗಿರುತ್ತೆ ನೋಡ್ತೀನಿ. ಮನೆಯಲ್ಲಿ ಕೂತು ಏನು ಮಾಡ್ತೀನಿ, ಕಿಟಕಿ ನೋಡ್ತೀನಿ. ಇಲ್ಲಿ ಬಾಗಿಲು ನೋಡ್ತೀನಿ."

ಅಂಗಡಿಯವನಿಗೆ ಬೇಡ ಎನ್ನಲು ಧೈರ್ಯ ಸಾಲಲಿಲ್ಲ. ಅತ್ತೆ ಕರಡಿಯಾದರು. ಎರಡು ಹೆಜ್ಜೆ ಇಟ್ಟದ್ದೇ ತಡ, ಅಂಗಡಿಯವನ ಮುಖ ಅರಳಿತು. ಆ ಮೊಣಕಾಲು ನೋವಿನ ನಡಿಗೆ, ಆ ವಾಲಾಟ, ಕರಡಿಗೆ ಹೇಳಿ ಮಾಡಿಸಿದ ಹಾಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಮಕ್ಕಳೆಲ್ಲ ಅಮ್ಮಂದಿರ ಕೈ ಜಗ್ಗಿ ನಿಂತರು. ಅಳುತ್ತಿದ್ದ ಹುಡುಗ ಅಳು ನಿಲ್ಲಿಸಿ ಕರಡಿಯ ಹೊಟ್ಟೆ ಮುಟ್ಟಿ ನೋಡಿದ. ಅತ್ತೆ ಒಂದು ಮಾತೂ ಆಡಲಿಲ್ಲ. ಅವನ ತಲೆ ಸವರಿದರು, ಅಷ್ಟೆ.

"ನೀನು ನಿನ್ನ ಕೆಲಸ ನೋಡ್ಕೊಂಡು ಬಾ," ಎಂದು ಕರಡಿಯ ಬಾಯಿಂದ ಸಣ್ಣ ದನಿ ಬಂತು. "ನಾನು ಇಲ್ಲೇ ಇರ್ತೀನಿ. ಒಳಗಿದ್ರೆ ಯಾರೂ ನನ್ನ ವಯಸ್ಸು ಕೇಳಲ್ಲ."

ಸುಸ್ತಾದರೆ ಕೂರಿಸಿ ನೀರು ಕೊಡಬೇಕೆಂದು ಅಂಗಡಿಯವನಿಗೆ ಪದೇ ಪದೇ ಹೇಳಿ ಅತ್ತಿಗೆ ಮುಂದಕ್ಕೆ ಹೋದಳು.

ಮೂರನೆಯದು ದೊಡ್ಡ ಹೋಟೆಲು. ಮುಂಬಾಗಿಲಲ್ಲಿ ಗಾಜು, ಹೂವು, ಸಲ್ಯೂಟ್ ಹೊಡೆಯುವವನು. ಕೆಲಸ ಕೇಳುವವರು ಹೋಗಬೇಕಾದದ್ದು ಹಿಂಬಾಗಿಲಿಗೆ. ಅಲ್ಲಿಂದ ಕೆಳಗಿಳಿದರೆ ಉದ್ದ ಓಣಿ, ಸೋಪಿನ ವಾಸನೆ, ತಳ್ಳುಗಾಡಿಗಳು, ಗೋಡೆಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಆ ವಾಸನೆ ಬಂದ ಕೂಡಲೇ ಅತ್ತಿಗೆಗೆ ತವರಿಗೆ ಬಂದಂತಾಯಿತು. ಕುರ್ಚಿಯ ಮೇಲೆ ಒಬ್ಬರು ತಲೆ ಒದ್ದೆ ಮಾಡಿ ಬಾಚಿಕೊಂಡು, ಹೊಸ ಶರ್ಟು ಹಾಕಿಕೊಂಡು ಕೂತಿದ್ದರು. ಅವಳನ್ನು ಕಂಡವರೇ ಗಾಬರಿಯಾಗಿ ಎದೆಯ ಮೇಲೆ ಕೈಯಾಡಿಸಿ ಏನನ್ನೋ ತಡಕಿದರು. ಸೀಟಿ ಇರಲಿಲ್ಲ. ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು ಸೂಪರ್‌ವೈಸರ್.

ಅತ್ತಿಗೆ ಪಕ್ಕದ ಕುರ್ಚಿಯಲ್ಲಿ ಕೂತಳು.

"ಸಾರ್, ನೀವು ಇಲ್ಲಿ?"

"ಹಲ್ಲು ನೋವು. ರಜೆ ಹಾಕಿದ್ದೀನಿ," ಎಂದರು ಅವರು.

"ಹೋಟೆಲ್‌ನಲ್ಲಿ ಹಲ್ಲು ಕೀಳ್ತಾರಾ?"

"ಡಾಕ್ಟರ್ ಹತ್ರ ಹೋಗ್ತಾ ಇದ್ದೆ. ದಾರಿಯಲ್ಲಿ ಸ್ವಲ್ಪ ಕೂತೆ. ನೀವು?"

"ನಮ್ಮತ್ತೆ ಇಲ್ಲೇ ಪಕ್ಕದ ರಸ್ತೆಯಲ್ಲಿ ಕರಡಿ ಆಗಿದ್ದಾರೆ. ಅವರ ಕೆಲಸ ಮುಗಿಯೋ ತನಕ ಹೊತ್ತು ಕಳೀಬೇಕು."

ಅವರದು ಸುಳ್ಳು, ಇವಳದು ನಿಜ. ಕೇಳಿದವರಿಗೆ ಮಾತ್ರ ಇವಳದೇ ದೊಡ್ಡ ಸುಳ್ಳೆನಿಸುವಂತಿತ್ತು. ಸೂಪರ್‌ವೈಸರ್ ಅವಳ ಮುಖವನ್ನೇ ನೋಡಿ, ದನಿ ತಗ್ಗಿಸಿ, "ಅತ್ತಿಗೆ, ನಾನು ಇಲ್ಲಿಗೆ ಬಂದಿದ್ದು ಅಲ್ಲಿ ಗೊತ್ತಾಗೋದು ಬೇಡ. ನೀವು ಬಂದಿದ್ದೂ ನಾನು ಹೇಳಲ್ಲ. ಒಳಗೆ ಹೋದ್ಮೇಲೆ ನಾವಿಬ್ಬರೂ ಪರಿಚಯದವರಲ್ಲ," ಎಂದರು.

"ಆಗಲಿ. ನೀವು ಯಾರೋ, ನಾನು ಯಾರೋ," ಎಂದಳು ಅತ್ತಿಗೆ.

ಒಳಗಿನಿಂದ ಮ್ಯಾನೇಜರ್ ಬಂದಳು. ಚಿಕ್ಕ ವಯಸ್ಸಿನವಳು, ಕೈಯಲ್ಲಿ ಎರಡು ಫೋನು, ಎರಡೂ ಬಡಿದುಕೊಳ್ಳುತ್ತಿದ್ದವು. ಹೋಟೆಲಿನ ಲಾಂಡ್ರಿಗೆ ಬೆಡ್‌ಶೀಟ್ ಮಡಚಲು ಒಂದು ಜೋಡಿ ಬೇಕಿತ್ತು. ಒಬ್ಬೊಬ್ಬರನ್ನೇ ಮಾತಾಡಿಸಲು ಸಮಯವಿಲ್ಲ, ಇಬ್ಬರೂ ಒಟ್ಟಿಗೇ ಬನ್ನಿ ಎಂದು ಕರೆದಳು.

"ಈಗಿರೋ ಕೆಲಸ ಯಾಕೆ ಬಿಡ್ತಾ ಇದ್ದೀರಿ?"

"ವೈಯಕ್ತಿಕ ಕಾರಣ, ಮೇಡಂ," ಎಂದರು ಸೂಪರ್‌ವೈಸರ್.

"ನಿಮಗಮ್ಮಾ?"

"ನನಗೂ ವೈಯಕ್ತಿಕವೇ. ಅಲ್ಲೊಬ್ಬ ವ್ಯಕ್ತಿ ಇದ್ದಾರೆ, ಅವರೇ ಕಾರಣ."

ಸೂಪರ್‌ವೈಸರ್ ಕೆಮ್ಮಿದರು. "ನಂದೂ ಒಬ್ಬ ವ್ಯಕ್ತಿಯಿಂದಲೇ, ಮೇಡಂ. ಅವರಿಗೆ ಮಾತು ಸ್ವಲ್ಪ ಜಾಸ್ತಿ."

"ನಮ್ಮಲ್ಲಿರೋರಿಗೆ ಮಾತೇ ಇಲ್ಲ. ಬರೀ ಸೀಟಿ," ಎಂದಳು ಅತ್ತಿಗೆ.

ಮ್ಯಾನೇಜರ್‌ಗೆ ಅರ್ಥವಾಗಲಿಲ್ಲ. ಅವಳು ಒಂದು ಫೋನಿಗೆ ಉತ್ತರ ಕೊಟ್ಟು, ಇಬ್ಬರನ್ನೂ ಮೇಜಿನ ಹತ್ತಿರ ಕರೆದೊಯ್ದು, ದೊಡ್ಡ ಮಂಚದ ಬೆಡ್‌ಶೀಟೊಂದನ್ನು ಕೈಗಿಟ್ಟಳು. "ಇದನ್ನ ಮಡಚಿ ತೋರಿಸಿ."

ಅತ್ತಿಗೆ ಒಳಗೊಳಗೇ ನಕ್ಕಳು. ಕೊರಳಿಗೆ ಸೀಟಿ ಹಾಕಿಕೊಂಡು ಓಡಾಡುವವರಿಗೆ ಬೆಡ್‌ಶೀಟಿನ ತಲೆ ಯಾವುದು, ಬುಡ ಯಾವುದು ಎಂದು ಹೇಗೆ ಗೊತ್ತಾಗಬೇಕು. ಬೇಕೆಂದೇ ತನ್ನ ಮೂಲೆಗಳನ್ನು ಬೇಗ ಹಿಡಿದು ಜೋರಾಗಿ ಜಾಡಿಸಿದಳು. ಆ ಕಡೆಯಿಂದ ಅದೇ ಗಳಿಗೆಗೆ ಅಷ್ಟೇ ಜೋರಾಗಿ ಜಾಡಿಸಿದ ಸದ್ದು ಬಂತು. ಬಟ್ಟೆ ಗಾಳಿ ತುಂಬಿಕೊಂಡು ಎದ್ದು, ಒಂದೂ ಸುಕ್ಕಿಲ್ಲದೆ ಇಳಿಯಿತು. ಸೂಪರ್‌ವೈಸರ್ ನಡೆದು ಬಂದರು, ಅಂಚು ಕೊಟ್ಟರು, ಬಗ್ಗಿ ಮಡಿಕೆ ಹಿಡಿದುಕೊಂಡು ಹಿಂದಕ್ಕೆ ಹೋದರು. ಅವರ ಬೆರಳು ಬಟ್ಟೆಯ ಮೇಲೆ ಹರಿದಾಡುವುದನ್ನು ಅತ್ತಿಗೆ ಬೆರಗಾಗಿ ನೋಡುತ್ತಾ ನಿಂತುಬಿಟ್ಟಳು. ಅಷ್ಟು ವರ್ಷದಲ್ಲಿ ಯಾರ ಜೊತೆಗೂ ಅವಳ ಕೈ ಹೀಗೆ ಕೂಡಿಬಂದಿರಲಿಲ್ಲ. ನೋಡುತ್ತಾ ನಿಂತವಳ ಕೈಯಿಂದ ಒಂದು ಮೂಲೆ ಜಾರಿತು.

"ಅತ್ತಿಗೆ, ಮೂಲೆ," ಎಂದರು ಸೂಪರ್‌ವೈಸರ್ ಅಭ್ಯಾಸಬಲದಿಂದ.

ಮ್ಯಾನೇಜರ್ ತಲೆಯೆತ್ತಿದಳು. "ಅತ್ತಿಗೇನಾ? ಮೊದಲೇ ಯಾಕೆ ಹೇಳಲಿಲ್ಲ? ಸಂಬಂಧಿಕರನ್ನ ಒಂದೇ ಮೇಜಿಗೆ ಹಾಕೋ ಹಾಗಿಲ್ಲ. ಹಿಂದಿನ ಜೋಡಿ ಇಲ್ಲೇ ಮಡಚ್ತಾ ಮಡಚ್ತಾ ಮದುವೆ ಮಾಡ್ಕೊಂಡ್ರು. ಒಬ್ಬರಿಗೆ ನೆಗಡಿ ಆದ್ರೆ ಇಬ್ಬರೂ ರಜೆ. ಆವಾಗಿಂದ ಆ ನಿಯಮ."

"ಇವರು ನನಗೆ ಮೈದುನ ಅಲ್ಲ ಮೇಡಂ," ಎಂದಳು ಅತ್ತಿಗೆ.

"ಅವರ ಬಾಯಿಂದಲೇ ಬಂತಲ್ಲ."

"ನನ್ನನ್ನ ಡ್ರೈವರೂ ಅತ್ತಿಗೆ ಅಂತಾನೆ, ಗೇಟ್ ಕಾಯೋರೂ ಅತ್ತಿಗೆ ಅಂತಾರೆ. ಅವರೆಲ್ಲ ನಮ್ಮ ಮನೆಯವರಾದ್ರೆ ಇರೋಕೆ ಜಾಗ ಸಾಲಲ್ಲ."

"ಯಾವ ಡ್ರೈವರ್? ಯಾವ ಗೇಟ್?"

ಇನ್ನು ಮುಚ್ಚಿಡಲು ಆಗುತ್ತಿರಲಿಲ್ಲ. ಅತ್ತಿಗೆ ಸೂಪರ್‌ವೈಸರ್ ಕಡೆ ನೋಡಿದಳು. ಅವರು ಮಡಚಿದ ಬೆಡ್‌ಶೀಟನ್ನು ಎದೆಗವಚಿಕೊಂಡು ನೆಲ ನೋಡುತ್ತಿದ್ದರು. "ಇವರು ನಮ್ಮ ಸೂಪರ್‌ವೈಸರ್, ಮೇಡಂ," ಎಂದಳು. "ಅದೇ ಲಾಂಡ್ರಿ."

ಮ್ಯಾನೇಜರ್ ಇಬ್ಬರನ್ನೂ ಒಮ್ಮೆ ನೋಡಿದಳು. "ಹಾಗಾದ್ರೆ ಆ ವ್ಯಕ್ತಿ ಅಂದ್ರಲ್ಲ..."

"ಇವರು," ಎಂದರು ಇಬ್ಬರೂ ಒಟ್ಟಿಗೆ.

ಮ್ಯಾನೇಜರ್ ಫೋನುಗಳನ್ನು ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿ, ಭುಜ ಕುಲುಕುವಷ್ಟು ನಕ್ಕಳು. ಆಮೇಲೆ ಬೆಡ್‌ಶೀಟನ್ನು ತೆಗೆದುಕೊಂಡು ಅಂಚುಗಳನ್ನು ನೋಡಿದಳು. "ಸಂಬಂಧಿಕರಲ್ಲ ಅನ್ನೋದು ಖಾತ್ರಿ ಆಯ್ತು. ಇಷ್ಟು ಚೆನ್ನಾಗಿ ಮಡಚೋರು ನನಗೆ ಸಿಕ್ಕಿಲ್ಲ. ಬಂದ್ರೆ ಇಬ್ಬರೂ ಬನ್ನಿ. ಒಬ್ಬರೇ ಬಂದ್ರೆ ಜೊತೆ ಸಿಗೋ ತನಕ ಕಾಯಬೇಕಾಗುತ್ತೆ. ಯೋಚನೆ ಮಾಡಿ ನಾಳೆ ಹೇಳಿ."

ಹೊರಗೆ ಬಂದ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನಡೆಯತೊಡಗಿದರು. ಅದೇ ಬಸ್‌ಸ್ಟಾಪು, ಅದೇ ದಾರಿ, ತಪ್ಪಿಸಿಕೊಳ್ಳುವಂತಿರಲಿಲ್ಲ.

"ನಿಮಗೆ ಮಡಚೋಕೆ ಬರುತ್ತೆ ಅಂತ ಗೊತ್ತಿರಲಿಲ್ಲ ಸಾರ್."

"ನಾನೂ ಆ ಮೇಜಿನಿಂದ ಬಂದೋನೇ. ಚೆನ್ನಾಗಿ ಮಾಡ್ತಾನೆ ಅಂತ ಮಡಚೋದು ಬಿಡಿಸಿ ಸೀಟಿ ಕೊಟ್ರು. ಬೋರ್ಡ್ ಹೊಡಿ ಅಂದಿದ್ದೂ ಮಾಲೀಕರೇ." ಸ್ವಲ್ಪ ದೂರ ನಡೆದು, "ನನಗೆ ಕುಕ್ಕರ್ ಅಂತ ಹೆಸರಿಟ್ಟಿದ್ದು ನೀವೇ ಅಂತ ಗೊತ್ತು," ಎಂದರು.

"ಅದು ಪ್ರೀತಿಗೆ ಇಟ್ಟಿದ್ದು ಸಾರ್."

"ಪ್ರೀತಿಗೆ ಇಟ್ಟಿದ್ದಾದ್ರೆ ಎದುರಿಗೇ ಕರೀಬಹುದಿತ್ತಲ್ಲ."

ಅತ್ತಿಗೆ ನಡಿಗೆ ಚುರುಕು ಮಾಡಿದಳು.

"ನಾನು ಬಂದ ಕೂಡಲೇ ಮೇಜಿನ ಸುತ್ತ ಎಲ್ಲರ ಬಾಯಿ ಮುಚ್ಚಿಹೋಗುತ್ತೆ," ಎಂದರು ಅವರು. "ಊಟಕ್ಕೆ ಕೂತ್ರೆ ಎದುರಿಗೆ ಯಾರೂ ಕೂರಲ್ಲ. ಒಣಗಿಸೋ ಮಷಿನ್ ಹಿಂದೆ ನಿಂತ್ಕೊಂಡು ನಿಮ್ಮ ಕಥೆ ಕೇಳ್ತೀನಿ. ಒಳ್ಳೆ ಘಟ್ಟಕ್ಕೆ ಬರೋ ಹೊತ್ತಿಗೆ ಮಾಲೀಕರ ಫೋನ್ ಬರುತ್ತೆ, ನಾನೇ ಬಂದು ಸೀಟಿ ಊದಬೇಕು. ಆ ನಾಯಿ ಏನಾಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಅತ್ತಿಗೆ ನಿಂತುಬಿಟ್ಟಳು. "ಎಲ್ಲಿ ತನಕ ಕೇಳಿದ್ರಿ?"

"ಗಂಡ ಹೆಂಡತಿ ಮಾತು ಬಿಟ್ಟು, ಏನಿದ್ರೂ ನಾಯಿ ಮೂಲಕ ಹೇಳ್ತಿದ್ರು. 'ಮರಿ, ಯಜಮಾನರಿಗೆ ಊಟ ಆರಿಹೋಗ್ತಿದೆ ಅಂತ ಹೇಳು,' ಅಲ್ಲಿ ತನಕ. ಆಮೇಲೆ ನಾಯಿ ಕಾಣೆಯಾಯ್ತು ಅಂದ್ರಿ. ಸೀಟಿ ಊದಿದೆ."

"ಅದು ನಮ್ಮನೆ ಮಂಚದ ಕೆಳಗೇ ಇತ್ತು ಸಾರ್. ನಾನೇ ಬಚ್ಚಿಟ್ಟಿದ್ದೆ."

"ಯಾಕೆ?"

"ನಾಯಿ ಇಲ್ಲದಿದ್ರೆ ಇಬ್ಬರೂ ನೇರವಾಗಿ ಮಾತಾಡಲೇಬೇಕಲ್ಲ. ಮೊದಲ ದಿನ ನಾಯಿ ಹೋಗಿದ್ದಕ್ಕೆ ಬೈದಾಡಿದ್ರು. ಮಾರನೇ ದಿನ ಹುಡುಕೋಕೆ ಒಟ್ಟಿಗೆ ಹೊರಟ್ರು. ಆಮೇಲೆ ಅತ್ತೆ ಪಾಪ ಅಂದ್ರು, ಬಿಟ್ಟುಬಿಟ್ಟೆ. ಮೆಟ್ಟಿಲು ಹತ್ತಿ ಹೋಯ್ತು. ಒಂದೇ ಬೇಜಾರು, ನಮ್ಮನೆ ಊಟದ ರುಚಿ ಹತ್ತಿ ಈಗ ದಿನಾ ಕೆಳಗೆ ಬರುತ್ತೆ."

ಸೂಪರ್‌ವೈಸರ್ ನಕ್ಕರು. ಕುಕ್ಕರಿಗೆ ಹಲ್ಲಿದೆ ಎಂದು ಅತ್ತಿಗೆಗೆ ಗೊತ್ತಾದದ್ದು ಆಗಲೇ. ಒಂದರಲ್ಲೂ ನೋವಿರಲಿಲ್ಲ.

ಆಟಿಕೆ ಅಂಗಡಿಯ ಮುಂದೆ ಜನ ಸೇರಿದ್ದರು. ಕರಡಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿತ್ತು, ಮಕ್ಕಳು ಸರದಿಯಲ್ಲಿ ಬಂದು ಕೈ ಕುಲುಕುತ್ತಿದ್ದರು. ಸೂಪರ್‌ವೈಸರ್ ಅದನ್ನೊಮ್ಮೆ, ಅತ್ತಿಗೆಯನ್ನೊಮ್ಮೆ ನೋಡಿ, "ಹಾಗಾದ್ರೆ ನಿಜವಾಗಿಯೂ..." ಎಂದರು.

"ಮತ್ತೆ? ಸುಳ್ಳು ಹೇಳೋಕೆ ನನಗೇನು ಹಲ್ಲು ನೋವಾ?"

ಅತ್ತೆ ವೇಷ ಕಳಚಿ, ಕೆಂಪೇರಿದ ಮುಖ ಒರೆಸಿಕೊಳ್ಳುತ್ತಾ ನಡೆದದ್ದನ್ನೆಲ್ಲ ಕೇಳಿದರು. ಸೂಪರ್‌ವೈಸರನ್ನು ತಲೆಯಿಂದ ಕಾಲಿನವರೆಗೆ ಅಳೆದರು. "ಇವರೇನಾ ಆ ಕುಕ್ಕರ್ರು?" ಎಂದು ಎದುರಿಗೇ ಕೇಳಿದರು. ಅತ್ತಿಗೆ ಆಕಾಶ ನೋಡಿದಳು.

"ಹೌದಮ್ಮ, ನಾನೇ," ಎಂದರು ಸೂಪರ್‌ವೈಸರ್.

"ನೋಡಿದ್ರೆ ಒಳ್ಳೆಯವರ ಹಾಗೇ ಇದ್ದೀರಿ. ಇವಳ ಮಾತು ಕೇಳಿ ನಾನು ಏನೋ ಅಂದ್ಕೊಂಡಿದ್ದೆ." ಸೊಸೆಯ ಕಡೆ ತಿರುಗಿ, "ಒಪ್ಕೊ. ಎದುರಿಗೆ ನಿಂತು ಬಟ್ಟೆ ಮಡಚೋರಿಗೆ ಸೀಟಿ ಊದೋಕೆ ಕೈ ಎಲ್ಲಿ ಖಾಲಿ ಇರುತ್ತೆ?" ಎಂದರು.

ಮಾರನೇ ದಿನ ಇಬ್ಬರೂ ಒಪ್ಪಿಕೊಂಡರು. ಲಾಂಡ್ರಿಯ ಹೆಂಗಸರು ಮೊದಲು ಅತ್ತಿಗೆಯ ಮೇಲೆ ಮುನಿಸಿಕೊಂಡರು, ಆಮೇಲೆ ಹೋಟೆಲಲ್ಲಿ ಇನ್ನೂ ಜಾಗ ಇದೆಯಾ ಎಂದು ಒಬ್ಬೊಬ್ಬರೇ ಬಂದು ಗುಟ್ಟಾಗಿ ಕೇಳಿ ಹೋದರು. ಸೂಪರ್‌ವೈಸರ್ ಕೆಲಸಕ್ಕೆ ಯಾರು ಬಂದರು, ಹೇಗಿದ್ದಾರೆ ಎನ್ನುವುದು ಬೇರೆ ಕಥೆ, ಇವಳಿಗೆ ಅದು ಬೇಕಾಗಿರಲಿಲ್ಲ. ಅತ್ತೆ ವಾರದ ಕೊನೆಯ ಸಂಜೆಗಳಲ್ಲಿ ಕರಡಿಯಾಗುತ್ತಾರೆ. ಅಂಗಡಿಯವನು ವೇಷವನ್ನು ಒಗೆಯಲು ಅತ್ತಿಗೆಗೇ ಕೊಡುತ್ತಾನೆ. ಹಳೇ ಕಂಬಳಿಯ ವಾಸನೆ ಈಗ ಇಲ್ಲ.

ಅತ್ತಿಗೆ ಎಣಿಸದೇ ಇದ್ದದ್ದು ಒಂದಿತ್ತು. ಸೀಟಿ ಹೋದ ಮೇಲೆ ಆ ಮನುಷ್ಯನಿಗೆ ಬಾಯಿ ಬಂತು. ಬೆಳಗ್ಗೆ ಮೊದಲ ಬೆಡ್‌ಶೀಟ್ ಹಿಡಿದಾಗ ಶುರುಮಾಡಿದರೆ ಸಂಜೆಯ ಕೊನೆಯ ಟವೆಲ್ ತನಕ ನಿಲ್ಲಿಸುವುದಿಲ್ಲ. ಅಣ್ಣನ ಜೊತೆಗಿನ ಮನಸ್ತಾಪ, ಕಿಟಕಿಯಲ್ಲಿ ಗೂಡು ಕಟ್ಟಿದ ಪಾರಿವಾಳ, ಹೆಂಡತಿ ಕಾರು ಕಲಿಯುತ್ತಿರುವ ಸಂಭ್ರಮ, ಅಷ್ಟು ವರ್ಷ ಒಳಗೇ ಉಳಿದದ್ದೆಲ್ಲ ಹೊರಬರುತ್ತಿದೆ. ಅತ್ತಿಗೆಗೆ ನಡುವೆ ಒಂದು ಮಾತು ತೂರಿಸಲು ಜಾಗ ಸಿಗುವುದಿಲ್ಲ. ಮನೆಗೆ ಬಂದು ಗೊಣಗಿದರೆ ಅತ್ತೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ನಗುತ್ತಾರೆ. ಗಂಡ "ಹ್ಞೂಂ" ಎನ್ನುತ್ತಾನೆ.

ಆದರೂ ಮೊನ್ನೆ ಸೂಪರ್‌ವೈಸರ್ ಜ್ವರ ಬಂದು ಮನೆಯಲ್ಲಿದ್ದರು. ಅತ್ತಿಗೆಯ ಎದುರಿಗೆ ಬೇರೊಬ್ಬರನ್ನು ನಿಲ್ಲಿಸಿದರು. ಒಳ್ಳೆ ಹೆಂಗಸು, ಮಾತೇ ಇಲ್ಲ. ಅತ್ತಿಗೆ ತನ್ನ ಮಾತೆಲ್ಲ ಆಡಿದಳು, ಯಾರೂ ತಡೆಯಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮ್ಯಾನೇಜರ್ ಹತ್ತಿರ ಹೋಗಿ, "ಅವರಿಗೆ ಹೇಗಿದೆಯಂತೆ?" ಎಂದು ಕೇಳಿಕೊಂಡು ಬಂದಳು.